ಸ್ಕಾಪಾ ಫ್ಲೋದ ಹಡಗುಗಳು: ಥಂಡಿ ನೀರಿಗೆ ಇಳಿಯುವ ಮುಂಚೆ

ಪ್ರಶ್ನೆ: ನಾನು ಕುಮಟಾದವಳು, ಈಗ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸದಲ್ಲಿದ್ದೇನೆ. ವಯಸ್ಸು 43. ನೇತ್ರಾಣಿಯಲ್ಲಿ ಸ್ಕೂಬಾ ಕಲಿತೆ, ಅಂಡಮಾನ್‌ನಲ್ಲಿ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿದೆ. 40ರ ಆಸುಪಾಸು ಡೈವ್ ಆಗಿವೆ, ಎಲ್ಲವೂ ಬೆಚ್ಚಗಿನ ನೀರಿನಲ್ಲಿ. ಇಲ್ಲಿನ ಸಹೋದ್ಯೋಗಿಗಳು ಮೇ ತಿಂಗಳಲ್ಲಿ ಆರ್ಕ್ನಿ ದ್ವೀಪಗಳ ಸ್ಕಾಪಾ ಫ್ಲೋಗೆ ಹೋಗುತ್ತಿದ್ದಾರೆ, ಮೊದಲ ಮಹಾಯುದ್ಧದ ಜರ್ಮನ್ ಹಡಗುಗಳನ್ನು ನೋಡಲು. ನನ್ನನ್ನೂ ಕರೆದಿದ್ದಾರೆ. ಅಮ್ಮ ಫೋನಿನಲ್ಲಿ, "ಅಂಥ ಥಂಡಿ ನೀರಿಗೆ ಇಳಿದ್ರೆ ಎದೆ ನಿಂತೇ ಹೋಗ್ತದೆ" ಎಂದು ಹೆದರಿದ್ದಾರೆ. ಸತ್ತವರು ಇರುವ ಹಡಗಿಗೆ ಹೋಗಿ ಮೋಜು ಮಾಡುವುದು ನನ್ನ ಗಂಡನಿಗೆ ಇಷ್ಟವಿಲ್ಲ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಚಳಿಗೆ ಹೆಪ್ಪುಗಟ್ಟಿ ಗಾಳಿ ನಿಂತುಬಿಡುತ್ತದೆ ಎಂದೂ ಕೇಳಿದ್ದೇನೆ. ಸ್ನೇಹಿತರು ಮಾತ್ರ "7 ಮಿಲಿಮೀಟರ್ ವೆಟ್‌ಸೂಟ್ ಸಾಕು, ಹಡಗುಗಳು ಕುಸಿಯುತ್ತಿವೆ, ಈ ವರ್ಷವೇ ಬಾ" ಅನ್ನುತ್ತಾರೆ. ಹೋಗಬಹುದಾ? ಹಡಗಿನ ಒಳಗೂ ಹೋಗಿ ನೋಡಬಹುದಾ? ಅಂದಹಾಗೆ, ದಿನಾ ಬಿಪಿಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ, ಬಿಪಿ ಹತೋಟಿಯಲ್ಲಿದೆ.

ಉತ್ತರ: ಹೋಗಬಹುದು. ಆದರೆ ಈ ಮೇ ತಿಂಗಳಲ್ಲಿ ಆ ಹಡಗುಗಳಿಗೆ ಇಳಿಯುವುದು ಬೇಡ. ಒಳಗೆ ನೀರು ಬಿಡುವ ರಬ್ಬರಿನ ವೆಟ್‌ಸೂಟ್ ಹಾಕಿಕೊಂಡಂತೂ ಬೇಡವೇ ಬೇಡ. ಬಿಪಿ ಮಾತ್ರೆಯ ವಿಷಯವನ್ನು ನೀವು ಕೊನೆಯ ಸಾಲಿನಲ್ಲಿ ಹೇಳಿದ್ದೀರಿ. ಇಡೀ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ. ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ಮನೆಯವರು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಅವರು ಕೇಳಿದ್ದು ನ್ಯಾಯವಾಗಿದೆ.

ಸ್ಕಾಪಾ ಫ್ಲೋ ಅಂದರೆ ಸುತ್ತಲೂ ದ್ವೀಪಗಳಿರುವ ದೊಡ್ಡ ನೈಸರ್ಗಿಕ ಬಂದರು. ಅಲ್ಲಿ ಸತ್ತವರು ಇರುವ ಹಡಗುಗಳೂ ಇವೆ, ಇಲ್ಲದವೂ ಇವೆ. ನಿಮ್ಮ ಸ್ನೇಹಿತರು ನೋಡಲು ಹೊರಟಿರುವುದು ಎರಡನೆಯ ಬಗೆಯವನ್ನು.

1918ರ ನವೆಂಬರ್‌ನಲ್ಲಿ ಕದನ ನಿಂತಾಗ ಜರ್ಮನಿಯ ಯುದ್ಧನೌಕೆಗಳನ್ನು ಇಲ್ಲಿಗೆ ತಂದು ಲಂಗರು ಹಾಕಿಸಿದರು. ಒಟ್ಟು 74 ಹಡಗುಗಳು. ಶಾಂತಿ ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. ಹಡಗುಗಳನ್ನು ನೋಡಿಕೊಳ್ಳಲು ಬೇಕಾದಷ್ಟು ಜನರನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಊರಿಗೆ ಕಳಿಸಿದ್ದರು. 1919ರ ಜೂನ್ 21ರ ಬೆಳಿಗ್ಗೆ, ಕಾವಲಿಗಿದ್ದ ಬ್ರಿಟಿಷ್ ನೌಕೆಗಳು ಅಭ್ಯಾಸಕ್ಕೆಂದು ಹೊರಗೆ ಹೋಗಿದ್ದಾಗ, ಜರ್ಮನ್ ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ ಸಂಕೇತ ಕೊಟ್ಟರು. ಹಡಗುಗಳು ಶತ್ರುವಿನ ಪಾಲಾಗಬಾರದು ಎಂದು ಜರ್ಮನ್ ನಾವಿಕರು ತಾವೇ ತಳದ ವಾಲ್ವ್‌ಗಳನ್ನು ತೆರೆದು ನೀರು ಬಿಟ್ಟರು, ದೋಣಿ ಹತ್ತಿ ಹೊರಬಂದರು. ಸಂಜೆಯೊಳಗೆ 52 ಹಡಗುಗಳು ಮುಳುಗಿದವು. ಸ್ಟ್ರಾಮ್ನೆಸ್ ಊರಿನ ಶಾಲೆಯ ಮಕ್ಕಳು ಅವತ್ತು ಈ ಹಡಗುಗಳನ್ನು ನೋಡಲೆಂದೇ ಬೋಟಿನಲ್ಲಿ ಬಂದಿದ್ದರು. ಎಲ್ಲ ಅವರ ಕಣ್ಣೆದುರೇ ನಡೆಯಿತು. ಆ ಗಲಾಟೆಯಲ್ಲಿ ಬ್ರಿಟಿಷರ ಗುಂಡಿಗೆ 9 ಜರ್ಮನರು ಬಲಿಯಾದರು. ಹಾಯ್ ದ್ವೀಪದ ಲೈನೆಸ್‌ನಲ್ಲಿರುವ ನೌಕಾಪಡೆಯ ಸ್ಮಶಾನದಲ್ಲಿ ಅವತ್ತು ಸತ್ತವರ ಸಮಾಧಿಗಳಿವೆ. ಅಂದರೆ ಈ ಹಡಗುಗಳು ಜನರನ್ನು ಹೊತ್ತು ಮುಳುಗಿದವಲ್ಲ.

ಜನರ ಸಮೇತ ಮುಳುಗಿದವು ಬೇರೆ. ಬ್ರಿಟನ್ನಿನದೇ ಎಚ್‌ಎಂಎಸ್ ವ್ಯಾನ್‌ಗಾರ್ಡ್ 1917ರ ಜುಲೈನಲ್ಲಿ ಲಂಗರು ಹಾಕಿದ್ದ ಜಾಗದಲ್ಲೇ ಸ್ಫೋಟಿಸಿತು, 800ಕ್ಕೂ ಹೆಚ್ಚು ಜನ ಹೋದರು. 1939ರ ಅಕ್ಟೋಬರ್ 13ರ ಮಧ್ಯರಾತ್ರಿ ದಾಟಿದ ಮೇಲೆ ಜರ್ಮನ್ ಜಲಾಂತರ್ಗಾಮಿ ಯು-47 ಒಳಗೆ ನುಸುಳಿ ಎಚ್‌ಎಂಎಸ್ ರಾಯಲ್ ಓಕ್‌ಗೆ ಟಾರ್ಪಿಡೋ ಹೊಡೆಯಿತು. ಅದರಲ್ಲೂ 800ಕ್ಕೂ ಹೆಚ್ಚು ಜನ. ಎಷ್ಟೋ ಮಂದಿ ಇನ್ನೂ ಬರೇ ಹುಡುಗರು. ಈ ಎರಡೂ ಹಡಗುಗಳು ಕಾನೂನಿನ ಪ್ರಕಾರ ಯುದ್ಧ ಸಮಾಧಿಗಳು. ಅಲ್ಲಿ ಡೈವ್ ಮಾಡುವಂತಿಲ್ಲ. ವರ್ಷಕ್ಕೊಮ್ಮೆ ನೌಕಾಪಡೆಯ ಡೈವರ್‌ಗಳು ರಾಯಲ್ ಓಕ್‌ಗೆ ಇಳಿದು ಬಾವುಟ ಬದಲಿಸಿ ಬರುತ್ತಾರೆ, ಅಷ್ಟೇ. ನಿಮ್ಮ ಮನೆಯವರ ಮನಸ್ಸಿಗೆ ಬಂದದ್ದನ್ನೇ ಅಲ್ಲಿನ ಕಾನೂನೂ ಹೇಳುತ್ತದೆ ಎಂದು ಅವರಿಗೆ ತಿಳಿಸಿ.

ಮುಳುಗಿದ ಜರ್ಮನ್ ಹಡಗುಗಳಲ್ಲಿ ಹೆಚ್ಚಿನವನ್ನು ಆಮೇಲೆ ಮೇಲೆತ್ತಿ ಗುಜರಿಗೆ ಹಾಕಿದರು. ಅರ್ನೆಸ್ಟ್ ಕಾಕ್ಸ್ ಎಂಬ ಗುಜರಿ ವ್ಯಾಪಾರಿ 1920ರ ದಶಕದಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದ್ದು. ಈಗ ತಳದಲ್ಲಿ ಉಳಿದಿರುವ ದೊಡ್ಡವು ಏಳು. ಕ್ಯೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿಂಟ್ಸ್ ವಿಲ್‌ಹೆಲ್ಮ್ ಎಂಬ ಮೂರು ಭಾರಿ ಯುದ್ಧನೌಕೆಗಳು. ಬ್ರುಮ್ಮರ್, ಡ್ರೆಸ್ಡನ್, ಕ್ಯೋಲ್ನ್, ಕಾರ್ಲ್ಸ್‌ರೂಹೆ ಎಂಬ ನಾಲ್ಕು ಕ್ರೂಸರ್‌ಗಳು, ಅಂದರೆ ಅವಕ್ಕಿಂತ ಚಿಕ್ಕ, ವೇಗದ ಯುದ್ಧನೌಕೆಗಳು. ಮೊದಲ ಮೂರೂ 1916ರ ಜಟ್ಲೆಂಡ್ ಕದನದಲ್ಲಿ ಹೋರಾಡಿದವು. ಏಳೂ 2001ರಿಂದ ಸಂರಕ್ಷಿತ ಸ್ಮಾರಕಗಳು. ನೋಡಬಹುದು, ಫೋಟೋ ತೆಗೆಯಬಹುದು. ಒಂದು ಚೂರು ಹಿತ್ತಾಳೆ ಎತ್ತಿಕೊಂಡು ಬಂದರೂ ಅಪರಾಧ.

ಈಗ ಅಮ್ಮನ ಮಾತಿಗೆ ಬರೋಣ. ಅವರು ಹೇಳಿದ್ದನ್ನು ಸುಮ್ನೆ ಹೆದರಿಕೆ ಎಂದು ತಳ್ಳಿಹಾಕಬೇಡಿ. ಮಾಮೂಲಿ ಬಟ್ಟೆಯಲ್ಲಿ ಥಟ್ಟನೆ ಥಂಡಿ ನೀರಿಗೆ ಬಿದ್ದವರಿಗೆ ಮೊದಲ ಒಂದೆರಡು ನಿಮಿಷವೇ ಗಂಡಾಂತರ. ಚರ್ಮಕ್ಕೆ ಚಳಿ ಬಡಿದ ಕೂಡಲೇ ಬಾಯಿ ತಾನಾಗಿ ತೆರೆದು ಜೋರಾಗಿ ಉಸಿರೆಳೆದುಕೊಳ್ಳುತ್ತದೆ. ಎದೆಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ಅದೇ ಹೊತ್ತಿಗೆ ಮುಖ ನೀರಿನಲ್ಲಿ ಮುಳುಗಿದರೆ ದೇಹ ಹೃದಯವನ್ನು ನಿಧಾನ ಮಾಡಲು ನೋಡುತ್ತದೆ. ಹೃದಯಕ್ಕೆ ಓಡು ಎಂದೂ ನಿಲ್ಲು ಎಂದೂ ಒಟ್ಟಿಗೆ ಆಜ್ಞೆ ಬಂದಾಗ ಬಡಿತದ ಲಯ ತಪ್ಪಬಹುದು. ಹೃದಯದಲ್ಲಿ ಮೊದಲೇ ತೊಂದರೆ ಇದ್ದವರಿಗೆ ಇದು ಮಾರಕವಾಗಬಹುದು. ನೀರು ಒಳಗೆ ಬಿಡದ ಡ್ರೈಸೂಟ್ ಹಾಕಿದವರಿಗೆ ಮುಖ, ತಲೆ, ಕೈ ಬಿಟ್ಟರೆ ಮೈಗೆ ನೀರು ತಾಗುವುದಿಲ್ಲ, ಹಾಗಾಗಿ ಆ ಮೊದಲ ಹೊಡೆತ ಬಹುಮಟ್ಟಿಗೆ ತಪ್ಪುತ್ತದೆ. ನಾನು ಕಲಿಸುವವರಿಗೆಲ್ಲ, ಇಳಿಯುವ ಮುಂಚೆ ಮುಖಕ್ಕೆ ಅದೇ ನೀರು ಎರಚಿಕೊಳ್ಳಿ, ಉಸಿರು ಹದಕ್ಕೆ ಬಂದ ಮೇಲೆ ಇಳಿಯಿರಿ ಅನ್ನುತ್ತೇನೆ.

ಸ್ನೇಹಿತರ 7 ಮಿಲಿಮೀಟರ್ ವೆಟ್‌ಸೂಟ್ ಸಲಹೆ ಇಲ್ಲಿಗೆ ಹೊಂದುವುದಿಲ್ಲ. ನೇತ್ರಾಣಿಯ ನೀರು 28 ಡಿಗ್ರಿಯ ಹತ್ತಿರ ಇರುತ್ತದೆ. ಸ್ಕಾಪಾದಲ್ಲಿ ಮೇ ತಿಂಗಳಲ್ಲಿ 8-9 ಡಿಗ್ರಿ. ಬೇಸಿಗೆಯ ಕೊನೆಗೆ, ಸೆಪ್ಟೆಂಬರ್ ಸುಮಾರಿಗೆ, 13ರವರೆಗೆ ಏರುತ್ತದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ವೆಟ್‌ಸೂಟ್ ಬೆಚ್ಚಗಿಡುವುದು ಅದರ ರಬ್ಬರಿನೊಳಗಿನ ಗಾಳಿಗುಳ್ಳೆಗಳಿಂದ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ನಾಲ್ಕು ಪಟ್ಟು. ಗುಳ್ಳೆಗಳು ಕುಗ್ಗಿ ಸೂಟ್ ತೆಳ್ಳಗಾಗುತ್ತದೆ. ಜಾಸ್ತಿ ಬೆಚ್ಚಗಿರಬೇಕಾದ ಜಾಗದಲ್ಲೇ ಅದು ಕೈಕೊಡುತ್ತದೆ. ವೆಟ್‌ಸೂಟಿನಲ್ಲೇ ಇಳಿಯುವ ಗಟ್ಟಿಗರು ಇಲ್ಲಿ ಇದ್ದಾರೆ, ನಿಜ. ವರ್ಷಗಟ್ಟಲೆ ಥಂಡಿ ನೀರಿಗೆ ಒಗ್ಗಿದ ಮೈ ಅವರದು.

ಡ್ರೈಸೂಟ್ ಹಾಕಿಕೊಂಡ ಮಾತ್ರಕ್ಕೆ ಎಲ್ಲ ಬಗೆಹರಿಯಿತು ಎಂದೂ ಅಲ್ಲ. ಅದರೊಳಗೆ ಗಾಳಿ ಇರುತ್ತದೆ, ಆ ಗಾಳಿ ಓಡಾಡುತ್ತದೆ. ತಲೆ ಕೆಳಗಾದರೆ ಗಾಳಿಯೆಲ್ಲ ಕಾಲಿಗೆ ಹೋಗಿ, ಕಾಲು ಮೇಲಾಗಿ ನೀವು ಹತೋಟಿಯಿಲ್ಲದೆ ಮೇಲಕ್ಕೆ ಹೋಗಬಹುದು. ಗಾಳಿ ಬಿಡುವ ವಾಲ್ವ್ ಎಡ ತೋಳಿನಲ್ಲಿರುತ್ತದೆ, ತೋಳು ಎತ್ತಿದರೆ ಮಾತ್ರ ಗಾಳಿ ಹೊರಗೆ ಹೋಗುವುದು. ತೇಲದೆ ಮುಳುಗದೆ ಒಂದೇ ಮಟ್ಟದಲ್ಲಿ ನಿಲ್ಲುವುದು ನಿಮಗೆ ನೇತ್ರಾಣಿಯಲ್ಲಿ ಕರಗತವಾಗಿದೆ. ಇಲ್ಲಿ ಸೂಟಿನೊಳಗಿನ ಉಡುಪು, ಜಾಸ್ತಿ ಸೀಸದ ತೂಕ, ದಪ್ಪ ಕೈಗವಸು ಸೇರಿದಾಗ ಅದನ್ನು ಮತ್ತೆ ಕಲಿಯಬೇಕು. ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಡೈವ್ ಮಾಡುತ್ತಿದ್ದವರು ಇಲ್ಲಿ ತೊಂದರೆಗೆ ಸಿಕ್ಕುವುದು ಬಹುತೇಕ ಈ ಹಂತದಲ್ಲೇ. ಬೆರಳು ಮರಗಟ್ಟಿರುತ್ತದೆ, ಗವಸಿನಲ್ಲಿ ಬಟನ್ ಸಿಗುವುದಿಲ್ಲ, ಹಳೆಯ ಅಭ್ಯಾಸದಂತೆ ಕೈ ಇನ್ನೆಲ್ಲೋ ಹೋಗುತ್ತದೆ.

ರೆಗ್ಯುಲೇಟರ್ ವಿಷಯದಲ್ಲಿ ನೀವು ಕೇಳಿದ್ದು ಅರ್ಧ ನಿಜ. ಸೈಕಲ್ ಟೈರಿನ ವಾಲ್ವ್ ಒತ್ತಿ ನೋಡಿ, ಬರುವ ಗಾಳಿ ತಣ್ಣಗಿರುತ್ತದೆ. ಒತ್ತಡದಲ್ಲಿದ್ದ ಗಾಳಿ ಹಿಗ್ಗಿದಾಗ ತಂಪಾಗುತ್ತದೆ. ಸಿಲಿಂಡರಿನಲ್ಲಿ 200 ಬಾರ್‌ಗೂ ಜಾಸ್ತಿ ಒತ್ತಡವಿರುತ್ತದೆ. ಅದು ಒಮ್ಮೆಲೇ ಹತ್ತು ಚಿಲ್ಲರೆಗೆ ಇಳಿಯುವಾಗ ರೆಗ್ಯುಲೇಟರಿನ ಲೋಹ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಲ್ಲಿನ ತೇವ ಮಂಜುಗಡ್ಡೆಯಾಗಿ ವಾಲ್ವ್ ಸಿಕ್ಕಿಕೊಳ್ಳಬಹುದು. ಆದರೆ ವಾಲ್ವ್ ಸಿಕ್ಕಿಕೊಳ್ಳುವುದು ಹೆಚ್ಚಾಗಿ ತೆರೆದ ಸ್ಥಿತಿಯಲ್ಲಿ. ಹಾಗಾಗಿ ಗಾಳಿ ನಿಲ್ಲುವ ಬದಲು ಭೋರ್ ಎಂದು ಸುರಿಯುತ್ತಲೇ ಇರುತ್ತದೆ. ಅಪಾಯ ಇರುವುದು ಅದರಲ್ಲೇ: 30 ಮೀಟರಿನಲ್ಲಿ 12 ಲೀಟರಿನ ಸಿಲಿಂಡರ್ ಹೀಗೆ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ.

ಯುರೋಪಿನಲ್ಲಿ ಇಎನ್ 250 ಎಂಬ ಮಾನದಂಡವಿದೆ. ಅದರಲ್ಲಿ ರೆಗ್ಯುಲೇಟರನ್ನು 4 ಡಿಗ್ರಿ ನೀರಿನಲ್ಲಿ ಪರೀಕ್ಷಿಸುತ್ತಾರೆ. ಥಂಡಿ ನೀರಿಗೆ ಆಗದ್ದರ ಮೇಲೆ 10 ಡಿಗ್ರಿಗಿಂತ ಬೆಚ್ಚಗಿನ ನೀರಿಗೆ ಮಾತ್ರ ಎಂಬ ಗುರುತು ಹಾಕಿರುತ್ತಾರೆ. ನಿಮ್ಮದು ಊರಿನಿಂದ ತಂದದ್ದಾದರೆ ಮೊದಲು ಅದನ್ನು ನೋಡಿ. ನೀರಿಗಿಳಿಯುವ ಮುಂಚೆ ದೋಣಿಯ ಮೇಲೆ ರೆಗ್ಯುಲೇಟರಿನಿಂದ ಗಾಳಿ ಹೊರಬಿಡುವ ಪರ್ಜ್ ಬಟನ್ ಸುಮ್ನೆ ಒತ್ತುತ್ತಾ ಇರಬೇಡಿ. ಕೆಳಗೆ ಏದುಸಿರು ಬಿಡುತ್ತಲೇ ಸೂಟಿಗೂ ತೇಲಿಸುವ ಜಾಕೆಟ್‌ಗೂ ಒಟ್ಟಿಗೆ ಗಾಳಿ ತುಂಬಬೇಡಿ. ಒಂದೇ ಸಲ ಜಾಸ್ತಿ ಗಾಳಿ ಎಳೆದಷ್ಟೂ ಲೋಹ ಜಾಸ್ತಿ ತಣ್ಣಗಾಗುತ್ತದೆ. ಮುಖ್ಯವಾಗಿ, ಬೇರೆ ರೆಗ್ಯುಲೇಟರ್ ಇರುವ ಇನ್ನೊಂದು ಸಿಲಿಂಡರ್ ನಿಮ್ಮ ಮೈಮೇಲೇ ಇರಬೇಕು. ಪೋನಿ ಎಂದು ಕರೆಯುವ 3 ಲೀಟರಿನ ಚಿಕ್ಕದಾದರೂ ಆದೀತು, 30 ಮೀಟರಿನಿಂದ ಸಮಾಧಾನವಾಗಿ ಮೇಲೆ ಬರಲು ಅಷ್ಟು ಸಾಕು. ಜೊತೆಗಾರರ ಗಾಳಿಯನ್ನೇ ನಂಬಿ ಈ ನೀರಿಗೆ ಇಳಿಯುವುದು ನನಗೆ ಒಪ್ಪಿಗೆಯಿಲ್ಲ. ಅವರ ರೆಗ್ಯುಲೇಟರೂ ಅದೇ ಚಳಿಯಲ್ಲಿರುತ್ತದೆ, ಅಲ್ವಾ? ಇಬ್ಬರು ಅದರಿಂದ ಗಾಬರಿಯಲ್ಲಿ ಉಸಿರೆಳೆದರೆ ಅದೂ ಹೆಪ್ಪುಗಟ್ಟಬಹುದು.

ಇನ್ನು ಬಿಪಿ. ಇಮ್ಮರ್ಶನ್ ಪಲ್ಮನರಿ ಇಡೀಮಾ ಎಂಬ ತೊಂದರೆಯ ಹೆಸರನ್ನು ನಮ್ಮ ಕಡೆಯ ಡೈವರ್‌ಗಳು ಕೇಳಿರುವುದು ಕಮ್ಮಿ. ನೀರಿಗಿಳಿದಾಗ ಕೈಕಾಲುಗಳ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಚಳಿಯಾದರೆ ಕೈಕಾಲಿನ ರಕ್ತನಾಳಗಳು ಬಿಗಿದು ಇನ್ನಷ್ಟು ರಕ್ತ ಎದೆಗೆ ಬರುತ್ತದೆ, ಒತ್ತಡ ಏರುತ್ತದೆ. ಕೆಲವರಲ್ಲಿ ಆ ಒತ್ತಡಕ್ಕೆ ರಕ್ತದ ನೀರಿನಂಶ ಶ್ವಾಸಕೋಶದೊಳಗೆ ಸೋರುತ್ತದೆ. ಹೊರಗಿನ ನೀರು ಒಂದು ಹನಿಯೂ ಒಳಗೆ ಹೋಗದೆ ಅವರಿಗೆ ಮುಳುಗುತ್ತಿರುವ ಅನುಭವವಾಗುತ್ತದೆ. ರಕ್ತದೊತ್ತಡ ಇರುವವರಿಗೆ, ವಯಸ್ಸಾಗುತ್ತಾ ಬಂದವರಿಗೆ ಇದರ ಸಾಧ್ಯತೆ ಜಾಸ್ತಿ. ಬೆಚ್ಚಗಿನ ನೀರಿನಲ್ಲಿ ಇಷ್ಟು ಡೈವ್ ಮಾಡಿದಾಗ ಏನೂ ಆಗಲಿಲ್ಲ ಎಂಬುದು ಇದಕ್ಕೆ ಗ್ಯಾರಂಟಿಯಲ್ಲ.

ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿ, ಜೊತೆಗಾರರಿಗೂ ಹೇಳಿ. ಶ್ರಮ ಪಡದೇ ಏದುಸಿರು. ಕೆಮ್ಮು. ಎದೆಯಲ್ಲಿ ಗೊರಗೊರ ಸದ್ದು. ಕೆಲವೊಮ್ಮೆ ಗುಲಾಬಿ ಬಣ್ಣದ ನೊರೆ ಕಫ. ರೆಗ್ಯುಲೇಟರ್ ಕೆಟ್ಟಿದೆ ಎಂದೇ ಹೆಚ್ಚಿನವರಿಗೆ ಅನಿಸುತ್ತದೆ, ಬದಲಿಸಿದರೂ ಉಸಿರು ಸಾಲುವುದಿಲ್ಲ. ಹಾಗಾದರೆ ಅಲ್ಲೇ ಸುಧಾರಿಸಿಕೊಳ್ಳೋಣ ಎಂದು ನಿಲ್ಲಬಾರದು. ಹತೋಟಿಯಲ್ಲಿ ಮೇಲೆ ಬನ್ನಿ, ನೀರಿನಿಂದ ಪೂರ್ತಿ ಹೊರಗೆ ಬನ್ನಿ, ಮಲಗದೆ ಕುಳಿತುಕೊಳ್ಳಿ, ಆಕ್ಸಿಜನ್ ತೆಗೆದುಕೊಳ್ಳಿ, ಕೋಸ್ಟ್‌ಗಾರ್ಡಿಗೆ ಹೇಳಿಸಿ. ಒಮ್ಮೆ ಆದವರಿಗೆ ಮತ್ತೆ ಆಗಬಹುದು. ಆಮೇಲೆ ಡೈವಿಂಗ್ ಬಿಡಿ ಎಂದೇ ಸಾಮಾನ್ಯವಾಗಿ ವೈದ್ಯರು ಹೇಳುತ್ತಾರೆ.

ಇಷ್ಟು ಓದಿ ಹೆದರಬೇಡಿ. ಬಿಪಿ ಹತೋಟಿಯಲ್ಲಿದ್ದು ಹೃದಯ ಚೆನ್ನಾಗಿರುವ ಎಷ್ಟೋ ಜನ ವೈದ್ಯರ ಒಪ್ಪಿಗೆ ಪಡೆದು ಡೈವ್ ಮಾಡುತ್ತಾರೆ. ಆದರೆ ಆ ತೀರ್ಮಾನ ನನ್ನದಲ್ಲ, ನಿಮ್ಮದೂ ಅಲ್ಲ. ಡೈವಿಂಗ್ ವೈದ್ಯಕೀಯ ತಿಳಿದ ವೈದ್ಯರದು. ಬ್ರಿಟನ್ನಿನಲ್ಲಿ ಅಂಥವರು ಸಿಗುತ್ತಾರೆ. ಯಾವ ಮಾತ್ರೆ ಎಂಬುದನ್ನೂ ಅವರಿಗೆ ಹೇಳಿ. ಬೀಟಾ ಬ್ಲಾಕರ್ ಜಾತಿಯದಾದರೆ ಅವರು ಬೇರೆ ಮಾತ್ರೆಯ ಬಗ್ಗೆ ಯೋಚಿಸಬಹುದು. ಡೈವಿಂಗ್‌ಗೋಸ್ಕರ ನೀವಾಗಿಯೇ ಮಾತ್ರೆ ಬಿಡುವುದು ಮಾತ್ರ ಬೇಡ.

ಚಳಿಗೆ ಸಂಬಂಧಿಸಿ ಇನ್ನೊಂದು ಮಾತು. ಆಳದಲ್ಲಿ ಮೈ ಬೆಚ್ಚಗಿದ್ದರೆ ರಕ್ತ ಚೆನ್ನಾಗಿ ಓಡಿ ಜಾಸ್ತಿ ನೈಟ್ರೋಜನ್ ಮೈಗೆ ಸೇರುತ್ತದೆ. ಮೇಲೆ ಬರುವ ಹೊತ್ತಿಗೆ ಮೈ ಕೊರೆಯುತ್ತಿದ್ದರೆ ಅದು ಹೊರಗೆ ಹೋಗುವುದು ನಿಧಾನ. ಮೈಗೆ ಸೇರಿದ ನೈಟ್ರೋಜನ್ ಗುಳ್ಳೆಗಟ್ಟುವ ಬೆಂಡ್ಸ್ ಕಾಯಿಲೆ ಬರಲು ಇದು ಹೇಳಿ ಮಾಡಿಸಿದ ಸ್ಥಿತಿ. ಬ್ಯಾಟರಿಯ ಹೀಟೆಡ್ ವೆಸ್ಟ್ ಹಾಕಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಅದು ಮಧ್ಯದಲ್ಲಿ ಕೆಟ್ಟರೂ ಮೇಲೆ ಬರುವಷ್ಟು ಬೆಚ್ಚಗಿನ ಉಡುಪು ಒಳಗೆ ಇರಲಿ. ದೋಣಿ ಹತ್ತಿದ ಕೂಡಲೇ ಸುಡುನೀರಿನ ಸ್ನಾನ ಬೇಡ. ಬಿಸಿ ಟೀ ಕುಡಿಯಿರಿ, ಒಣ ಬಟ್ಟೆ ಹಾಕಿಕೊಳ್ಳಿ, ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಆಕ್ಸಿಜನ್ ಜಾಸ್ತಿ ಇರುವ ಗಾಳಿಯಲ್ಲಿ, ಅಂದರೆ ನೈಟ್ರಾಕ್ಸಿನಲ್ಲಿ, ಡೈವ್ ಮಾಡುವ ಕೋರ್ಸ್ ಮಾಡಿಕೊಳ್ಳುವುದು ಒಳ್ಳೆಯದು. ಕ್ರೂಸರ್‌ಗಳ ಆಳಕ್ಕೆ ಅದು ಸರಿಯಾಗಿ ಹೊಂದುತ್ತದೆ. 32 ಪ್ರತಿಶತ ಆಕ್ಸಿಜನ್ ಇರುವ ಮಿಶ್ರಣವನ್ನು 33 ಮೀಟರಿನವರೆಗೆ ಬಳಸಬಹುದು. ಸಾದಾ ಗಾಳಿಯಲ್ಲಿ 30 ಮೀಟರಿನಲ್ಲಿ ಸುಮಾರು 20 ನಿಮಿಷ ಇರಬಹುದಾದರೆ, ಇದರಲ್ಲಿ ಸುಮಾರು 30 ಸಿಗುತ್ತದೆ. ಆದರೆ ಥಂಡಿ ನೀರಿನಲ್ಲಿ ಅದರ ಕೊನೆಯ ನಿಮಿಷದವರೆಗೂ ಕೆಳಗಿರಲು ಹೋಗಬೇಡಿ.

ಒಳಗೆ ಹೋಗಬಹುದಾ ಎಂದು ಕೇಳಿದ್ದೀರಿ. ಬೇಡ. ಕಾನೂನು ತಡೆಯುತ್ತದೆ ಎಂದಲ್ಲ, ಹಡಗುಗಳ ಸ್ಥಿತಿ ಹಾಗಿದೆ. ಮೂರು ಯುದ್ಧನೌಕೆಗಳೂ ಮೇಲ್ಭಾಗದ ಭಾರಕ್ಕೆ ಬೋರಲಾಗಿ ಮುಳುಗಿವೆ. ಕ್ರೂಸರ್‌ಗಳು ಮಗ್ಗುಲಾಗಿ ಬಿದ್ದಿವೆ. ಆಮೇಲೆ ಬಂದ ಗುಜರಿಯವರು ತಾಮ್ರ, ಹಿತ್ತಾಳೆಗಾಗಿ ಎಂಜಿನ್ ಕೋಣೆಗಳ ಹತ್ತಿರ ಸಿಡಿಮದ್ದು ಇಟ್ಟು ಒಡೆದರು. ಅಲ್ಲಿಂದ ಇಲ್ಲಿಯವರೆಗೆ ಉಪ್ಪುನೀರು ತನ್ನ ಕೆಲಸ ಮಾಡುತ್ತಲೇ ಇದೆ. ಒಳಗೆ ನೆಲ ಎಂದರೆ ಗೋಡೆ, ಗೋಡೆ ಎಂದರೆ ಚಾವಣಿ. ಕಾಲಿನ ಒಂದು ಬಡಿತಕ್ಕೆ ಹೂಳೆದ್ದು ಕೈ ಕೂಡ ಕಾಣದಂತಾಗುತ್ತದೆ. ದಾರಿಗೆ ದಾರ ಕಟ್ಟುವುದು, ಮೂರನೇ ಒಂದು ಭಾಗ ಗಾಳಿ ಮುಗಿದ ಕೂಡಲೇ ಹಿಂದಿರುಗುವ ಲೆಕ್ಕ, ಇವೆಲ್ಲ ಬೇರೆಯೇ ತರಬೇತಿ.

ಹೊರಗಿನಿಂದ ನೋಡುವುದೇ ಬೇಕಾದಷ್ಟಿದೆ. ಮಗ್ಗುಲಾದ ಕ್ರೂಸರಿನ ಡೆಕ್ ನಿಮ್ಮೆದುರು ಗೋಡೆಯ ಹಾಗೆ ನಿಂತಿರುತ್ತದೆ. ಅದರ ಗುಂಟ ನಿಧಾನವಾಗಿ ಈಜುತ್ತಾ ಹೋದರೆ ಕಮಾಂಡರ್ ನಿಲ್ಲುತ್ತಿದ್ದ ಉಕ್ಕಿನ ಗೋಪುರ, 15 ಸೆಂಟಿಮೀಟರ್ ಫಿರಂಗಿಗಳು, ಲಂಗರಿನ ಸರಪಳಿ, ಮೈತುಂಬಾ ಬೆಳೆದ ಬಿಳಿ, ಕಿತ್ತಳೆ ಬಣ್ಣದ ಜೀವಿಗಳು. ಮೊದಲ ಸಲ ನೋಡಿ ಬಂದವರು ದೋಣಿ ಹತ್ತಿದ ಮೇಲೂ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆ ಡೈವ್ ನಿಮಗೆ ಸಿಗಲಿ ಎಂದೇ ನಾನು ಇಷ್ಟು ಉದ್ದ ಬರೆಯುತ್ತಿರುವುದು.

ಹಡಗುಗಳು ಕುಸಿಯುತ್ತಿರುವುದು ನಿಜ. ಹತ್ತು ವರ್ಷ ಹಿಂದೆ ನೋಡಿದವರು ಈಗ ಬಂದರೆ ಗುರುತು ಹಿಡಿಯಲು ಕಷ್ಟಪಡುವ ಭಾಗಗಳಿವೆ. ಆದರೆ ಮೇ ತಿಂಗಳಿಗೂ ಮುಂದಿನ ಸೆಪ್ಟೆಂಬರಿಗೂ ಮಧ್ಯೆ ನೀವು ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ಹಾಗಾದರೆ ಏನು ಮಾಡಬಹುದು? ಒಂದು, ಏಪ್ರಿಲ್‌ನಲ್ಲಿ ಎರಡು ದಿನದ ಡ್ರೈಸೂಟ್ ಕೋರ್ಸ್ ಮುಗಿಸಿ ಮೇನಲ್ಲಿ ಅವರ ಜೊತೆ ಹೋಗುವುದು. ಹೀಗೆ ಮಾಡುವವರಿದ್ದಾರೆ. ಹೊಸ ಸೂಟ್, ಹೊಸ ತೂಕ, ಮಬ್ಬು ನೀರು, 30 ಮೀಟರ್ ಆಳ, ಎಲ್ಲ ಒಂದೇ ದಿನ ಎದುರಾಗುತ್ತವೆ. ಮೇನಲ್ಲಿ ಪ್ಲಾಂಕ್ಟನ್ ಎಂಬ ಸೂಕ್ಷ್ಮ ಜೀವಿಗಳು ಹೆಚ್ಚಿ ನೀರು ಹಸಿರಾಗುವುದೂ ಉಂಟು. ಒಂದೊಂದೂ ಸುಲಭವೇ, ಒಟ್ಟಿಗೆ ಬಂದರೆ ಅಲ್ಲ. ನನ್ನ ವಿದ್ಯಾರ್ಥಿಗೆ ನಾನು ಇದನ್ನು ಒಪ್ಪುವುದಿಲ್ಲ.

ಎರಡು, ಮೇನಲ್ಲಿ ಆರ್ಕ್ನಿಗೆ ಹೋಗಿ, ಆದರೆ ದೊಡ್ಡ ಹಡಗುಗಳಿಗೆ ಇಳಿಯಬೇಡಿ. ರಾಯಲ್ ಓಕ್ ಮುಳುಗಿದ ಮೇಲೆ ಜಲಾಂತರ್ಗಾಮಿಗಳು ನುಸುಳದಂತೆ ದ್ವೀಪಗಳ ಮಧ್ಯೆ ಕಲ್ಲು, ಕಾಂಕ್ರೀಟಿನ ಕಟ್ಟೆಗಳನ್ನು ಕಟ್ಟಿದರು, ಚರ್ಚಿಲ್ ಬ್ಯಾರಿಯರ್ ಎಂದು ಹೆಸರು. ಅದಕ್ಕೂ ಮೊದಲು ದಾರಿ ಮುಚ್ಚಲು ಬೇಕೆಂದೇ ಮುಳುಗಿಸಿದ ಹಳೆಯ ಹಡಗುಗಳು ಆ ಕಟ್ಟೆಗಳ ಪಕ್ಕದಲ್ಲೇ ಇವೆ. ದಡದಿಂದಲೇ ಇಳಿಯಬಹುದು, ಆಳ ಕಮ್ಮಿ. ವೈದ್ಯರ ಒಪ್ಪಿಗೆ ಸಿಕ್ಕಿದ್ದರೆ, ಡ್ರೈಸೂಟಿನಲ್ಲಿ, ಒಬ್ಬ ತರಬೇತುದಾರರ ಜೊತೆ ಅಲ್ಲಿ ಅಭ್ಯಾಸ ಮಾಡಬಹುದು. ಬರ್ರಾ ಸೌಂಡ್ ಎಂಬ ಕಡೆಯೂ ಇಂಥ ಹಡಗುಗಳಿವೆ. ಅಲ್ಲಿ ಸೆಳೆತ ವಿಪರೀತ, ಉಬ್ಬರ ಇಳಿತ ಬದಲಾಗುವ ಹೊತ್ತಿನಲ್ಲಿ ಮಾತ್ರ ಇಳಿಯುತ್ತಾರೆ. ಅದು ಈಗಲೇ ಬೇಡ. ಹಾಯ್ ದ್ವೀಪಕ್ಕೆ ಹೋಗಿ ಲೈನೆಸ್‌ನ ಮ್ಯೂಸಿಯಂ ಮತ್ತು ಸ್ಮಶಾನ ನೋಡಿ. ಮನೆಯವರನ್ನೂ ಕರೆದುಕೊಂಡು ಹೋಗಿ.

ಮೂರು, ನಾನು ಆರಿಸುವ ದಾರಿ. ಈ ಬೇಸಿಗೆಯಿಡೀ ಅಬರ್ಡೀನ್‌ನಿಂದ ವಾರಾಂತ್ಯಗಳಲ್ಲಿ ಸೇಂಟ್ ಆಬ್ಸ್, ಲಾಕ್ ಲಾಂಗ್ ಕಡೆ ಹೋಗಿ ಡ್ರೈಸೂಟಿನಲ್ಲಿ ಡೈವ್ ಮಾಡಿ. ಮೊದಲು 10 ಮೀಟರ್, ಆಮೇಲೆ 20. ಸೂಟಿನ ಗಾಳಿ ಬಿಡುವುದು, ಪೋನಿಗೆ ಬದಲಾಯಿಸುವುದು, ನೀವಿರುವ ಜಾಗವನ್ನು ದೋಣಿಗೆ ತೋರಿಸುವ ಮಾರ್ಕರ್ ಬಲೂನನ್ನು ಗವಸು ಹಾಕಿದ ಕೈಯಲ್ಲೇ ಮೇಲೆ ಬಿಡುವುದು, ಇವು ಮೂರೂ ಯೋಚಿಸದೇ ಬರುವಷ್ಟು ಪಳಗಬೇಕು. ಸ್ಕಾಪಾದಲ್ಲಿ ಹಗ್ಗ ಹಿಡಿದು ಇಳಿದರೂ ಮೇಲೆ ಬರುವುದು ಹೆಚ್ಚಾಗಿ ಆ ಬಲೂನಿನ ದಾರದಲ್ಲೇ. ಎಲ್ಲ ಸರಿಹೋದರೆ ಸೆಪ್ಟೆಂಬರ್, ಇಲ್ಲವಾದರೆ ಮುಂದಿನ ವರ್ಷದ ಸೆಪ್ಟೆಂಬರ್. ಶುರು ಕಾರ್ಲ್ಸ್‌ರೂಹೆಯಿಂದ. ಏಳರಲ್ಲಿ ಆಳ ಕಮ್ಮಿ ಇರುವುದು ಅದೇ, ತಳ 25 ಮೀಟರಿನ ಸುಮಾರಿಗಿದೆ. ಆಮೇಲೆ ಡ್ರೆಸ್ಡನ್, ಕ್ಯೋಲ್ನ್. ಅವುಗಳ ತಳ 35 ಮೀಟರ್ ಆಸುಪಾಸು, ನಿಮ್ಮ ಸರ್ಟಿಫಿಕೇಟಿನ ಮಿತಿ 30. ಹಡಗಿನ ಮೇಲಿನ ಮಗ್ಗುಲಿನಲ್ಲೇ ಇದ್ದು ನೋಡಬಹುದು. ಯುದ್ಧನೌಕೆಗಳ ದೊಡ್ಡ ಫಿರಂಗಿಗಳು ಬೋರಲಾದ ಹಡಗಿನಡಿ, ತಳದಲ್ಲಿವೆ. ಡೀಪ್ ಕೋರ್ಸ್ ಮುಗಿಯುವವರೆಗೆ ಆ ಆಸೆ ಬೇಡ.

ದೋಣಿ ಬುಕ್ ಮಾಡುವಾಗ ಕ್ಯಾಪ್ಟನ್‌ಗೆ ನಿಮ್ಮ ಅನುಭವ, ಬಿಪಿ ಎರಡನ್ನೂ ಮುಚ್ಚಿಡದೆ ಹೇಳಿ. ಅದಕ್ಕೆ ತಕ್ಕ ಹಡಗನ್ನು ಅವರೇ ಆರಿಸುತ್ತಾರೆ. ನೀರಿನಿಂದ ಮೇಲೆತ್ತುವ ಲಿಫ್ಟ್ ಇರುವ ದೋಣಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅಷ್ಟು ತೂಕ ಹೊತ್ತು ಏಣಿ ಹತ್ತುವ ಶ್ರಮ ಡೈವ್ ಆದ ಕೂಡಲೇ ಒಳ್ಳೆಯದಲ್ಲ. ಸದ್ಯಕ್ಕೆ ಸ್ನೇಹಿತರಿಗೆ ಮೇ ತಿಂಗಳ ದುಡ್ಡು ಕಟ್ಟಬೇಡಿ. ಈ ವಾರ ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಅವರು ಒಪ್ಪಿದ ಮೇಲೆ ಡ್ರೈಸೂಟ್ ಕೋರ್ಸಿಗೆ ಹೆಸರು ಕೊಡಿ.